ನೋಟಿಸ್ ಬೋರ್ಡ್ ಇಲ್ಲದ ಕಾನ್ವೆಂಟ್

ಇವತ್ತು ಒಂದು ಪದದಿಂದ ಶುರು ಮಾಡೋಣ. ಕಾನ್ವೆಂಟ್. ನಮ್ಮ ಕಡೆ ಈ ಪದಕ್ಕೆ ಏನರ್ಥ ಅಂತ ಯಾರನ್ನಾದ್ರೂ ಕೇಳಿ, "ಇಂಗ್ಲಿಷ್ ಮೀಡಿಯಂ ಸ್ಕೂಲು" ಅಂತಾರೆ. ಟೈ, ಶೂ, ಹಳದಿ ವ್ಯಾನು. ದೇವರ ಹೆಸರಿಟ್ಟುಕೊಂಡ ಶಾಲೆಯ ಬೋರ್ಡಿನಲ್ಲೂ ಕೊನೆಗೆ ಕಾನ್ವೆಂಟ್ ಅಂತ ಇರುತ್ತೆ. ಒಳಗೆ ದೀಪ ಹಿಡಿದು ಹುಡುಕಿದರೂ ಒಬ್ಬ ಸಿಸ್ಟರ್ ಸಿಗಲ್ಲ. ಆದರೆ ಪದದ ಮೂಲ ಅರ್ಥ ಸನ್ಯಾಸಿನಿಯರ ಮಠ. ಮಠದ ಸಿಸ್ಟರ್‌ಗಳು ಶಾಲೆ ನಡೆಸಿದರು, ಶಾಲೆಗೆ ಮಠದ ಹೆಸರು ಅಂಟಿಕೊಂಡಿತು, ಆಮೇಲೆ ಮಠ ಮರೆತುಹೋಗಿ ಹೆಸರು ಮಾತ್ರ ಉಳಿಯಿತು.

ಇವತ್ತಿನ ಕಥೆ ಅಂಥ ಒಂದು ಅಸಲಿ ಕಾನ್ವೆಂಟಿನದು. ಇರೋದು ಇಂಗ್ಲೆಂಡಿನ ಯಾರ್ಕ್ ಅನ್ನೋ ಊರಲ್ಲಿ.

ಅಲ್ಲಿ ಶಾಲೆ ಶುರುವಾಗೋದು ನಮ್ಮ ಹಾಗೆ ಮಳೆಗಾಲದ ಜೊತೆಗಲ್ಲ, ಸೆಪ್ಟೆಂಬರಿನಲ್ಲಿ. ಅಲ್ಲಿಂದ ಕ್ರಿಸ್‌ಮಸ್‌ವರೆಗಿನ ಅವಧಿಗೆ ಆಟಮ್ ಟರ್ಮ್ ಅಂತ ಹೆಸರು. ಈ ಟರ್ಮಿನಲ್ಲಿ ಅಲ್ಲಿನ ಯಾವುದಾದ್ರೂ ಕ್ಯಾಥೊಲಿಕ್ ಹೆಣ್ಣುಮಕ್ಕಳ ಶಾಲೆಯ ಸುದ್ದಿ-ಸೂಚನೆಗಳ ಪುಟ ತೆರೆದು ನೋಡಿ. ಹೊಸದಾಗಿ ಸೇರಿದವರಿಗೆ ಸ್ವಾಗತ. ಮುಂದಿನ ವರ್ಷ ಸೇರುವವರಿಗೆ ಶಾಲೆ ತೋರಿಸುವ ಸಂಜೆ ಯಾವತ್ತು. ಸುಗ್ಗಿ ಹಬ್ಬಕ್ಕೆ ಮನೆಯಿಂದ ಡಬ್ಬಿ ಆಹಾರ ತನ್ನಿ, ಬಡವರಿಗೆ ಕೊಡುತ್ತೇವೆ. ನವೆಂಬರ್ 5ರ ಪಟಾಕಿ, ಹುಷಾರು. ನವೆಂಬರ್ ಪೂರ್ತಿ ತೀರಿಕೊಂಡವರಿಗಾಗಿ ಪ್ರಾರ್ಥನೆ, ಬಲಿಪೂಜೆಗೆ ಪಾದ್ರಿ ಬರುವ ಸಮಯ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಷ್ಟೇ ನೀರಸ ಓದು, ನಿಜ.

ಆದರೆ ಇದೇ ಪುಟವನ್ನು 1686ಕ್ಕೆ ತಗೊಂಡು ಹೋಗಿ ನೋಡಿ. ಶಾಲೆ ಎಲ್ಲಿದೆ, ಯಾರ ಮಕ್ಕಳು ಓದ್ತಾರೆ, ಪಾದ್ರಿ ಯಾವಾಗ ಬರ್ತಾರೆ, ಪೂಜೆ ಎಷ್ಟು ಹೊತ್ತಿಗೆ? ಒಂದೊಂದು ಸಾಲೂ ಪೊಲೀಸ್ ಸಾಕ್ಷಿ ಇದ್ದ ಹಾಗೆ.

ಯಾಕೆ ಅಂದ್ರೆ, ಆಗಿನ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕ್ ಆಗಿರೋದೇ ಕಾನೂನಿನ ಕಣ್ಣಿಗೆ ತಪ್ಪು. ದೊರೆ ಎಂಟನೇ ಹೆನ್ರಿ ರೋಮಿನ ಪೋಪ್ ಜೊತೆ ಜಗಳ ಮಾಡಿಕೊಂಡು ಬೇರೆಯಾದದ್ದು ನಿಮಗೆ ಗೊತ್ತಿರಬಹುದು. ಅವನ ಮಗಳು ಒಂದನೇ ಎಲಿಜಬೆತ್ ಕಾಲಕ್ಕೆ ಕಾನೂನು ಬಿಗಿಯಾಯಿತು. ಸರ್ಕಾರಿ ಚರ್ಚಿಗೆ ಹೋಗದವರಿಗೆ 1581ರಿಂದ ತಿಂಗಳಿಗೆ 20 ಪೌಂಡ್ ದಂಡ. ಶ್ರೀಮಂತರೂ ಜಮೀನು ಮಾರಬೇಕಾದಷ್ಟು ದೊಡ್ಡ ಮೊತ್ತ ಅದು. ವಿದೇಶದಲ್ಲಿ ದೀಕ್ಷೆ ಪಡೆದು ಬಂದ ಪಾದ್ರಿಗೆ ಮನೆಯಲ್ಲಿ ಜಾಗ ಕೊಟ್ಟರೆ ಮರಣದಂಡನೆ.

ಯಾರ್ಕ್‌ನಲ್ಲಿ ಮಾರ್ಗರೆಟ್ ಕ್ಲಿದರೊ ಅಂತ ಒಬ್ಬ ಹೆಂಗಸು ಇದ್ದರು. ಗಂಡನದು ಮಾಂಸದ ಅಂಗಡಿ. 1586ರ ಮಾರ್ಚ್‌ನಲ್ಲಿ ಅವರ ಮನೆ ಮೇಲೆ ದಾಳಿ ಆಯ್ತು. ಒಳಗೆ ಮೇಷ್ಟ್ರೊಬ್ಬರು ಮಕ್ಕಳಿಗೆ ಪಾಠ ಹೇಳ್ತಿದ್ದರು. ಮೇಷ್ಟ್ರು ತಪ್ಪಿಸಿಕೊಂಡರು. ಮಕ್ಕಳಲ್ಲಿ ಒಬ್ಬ ಹುಡುಗನನ್ನು ಹೆದರಿಸಿದಾಗ ಪಾದ್ರಿಗಳು ಅಡಗುವ ಜಾಗವನ್ನು ತೋರಿಸಿಬಿಟ್ಟ. ಮಾರ್ಗರೆಟ್ ಕೋರ್ಟಿನಲ್ಲಿ ತಪ್ಪು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಬಾಯಿ ಬಿಟ್ಟರೆ ವಿಚಾರಣೆ ನಡೆಯುತ್ತೆ, ವಿಚಾರಣೆ ನಡೆದರೆ ತನ್ನ ಮಕ್ಕಳೇ ಸಾಕ್ಷಿ ಹೇಳಬೇಕಾಗುತ್ತೆ ಅನ್ನೋದು ಅವರ ಲೆಕ್ಕ. ಹಾಗೆ ಉತ್ತರ ಕೊಡದವರಿಗೆ ಬೇರೆಯೇ ಶಿಕ್ಷೆ ಇತ್ತು. ಮೈಮೇಲೆ ಬಾಗಿಲು ಇಟ್ಟು, ಅದರ ಮೇಲೆ ಭಾರ ಹೇರಿ ಕೊಂದರು. ಮಕ್ಕಳಿಗೆ ಮನೆಯಲ್ಲಿ ಪಾಠ ಹೇಳಿಸುವುದೂ ಎಂಥ ಅಪಾಯ ಆಗಿತ್ತು ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಇದಕ್ಕೆ ಒಂದು ವರ್ಷ ಮೊದಲು, 1585ರ ಜನವರಿಯಲ್ಲಿ, ಅದೇ ಯಾರ್ಕ್‌ಶೈರ್ ಪ್ರಾಂತ್ಯದಲ್ಲಿ ಮೇರಿ ವಾರ್ಡ್ ಹುಟ್ಟಿದ್ದರು. ಅಜ್ಜಿ ಧರ್ಮದ ಕಾರಣಕ್ಕೆ ವರ್ಷಾನುಗಟ್ಟಲೆ ಜೈಲು ಕಂಡವರು. ಇಬ್ಬರು ಸೋದರಮಾವಂದಿರು ಇನ್ನೂ ಒಂದು ಕೈ ಮೇಲೆ. 1605ರ ನವೆಂಬರ್ 5ರಂದು ಲಂಡನ್ನಿನ ಪಾರ್ಲಿಮೆಂಟನ್ನೇ ಸಿಡಿಮದ್ದಿಟ್ಟು ಹಾರಿಸೋಕೆ ಹೊರಟ ಗುಂಪಿನಲ್ಲಿ ಅವರೂ ಇದ್ದರು. ಗೈ ಫಾಕ್ಸ್ ಹೆಸರು ಕೇಳಿರ್ತೀರಿ, 'ವಿ ಫಾರ್ ವೆಂಡೆಟಾ' ಸಿನಿಮಾದ ಮುಖವಾಡ ಅವನದೇ. ಅವನೂ ಯಾರ್ಕ್‌ನವನು. ಆಟಮ್ ಟರ್ಮಿನ ಪಟಾಕಿ ಸೂಚನೆ ಬಂದದ್ದು ಆ ಸಂಚು ಮುರಿದ ದಿನದ ನೆನಪಿಗೆ.

ಮಾವಂದಿರ ದಾರಿ ಬಿಟ್ಟು ಮೇರಿ ಹಿಡಿದ ದಾರಿ ಬೇರೆ. 1609ರಲ್ಲಿ ಕೆಲವು ಗೆಳತಿಯರ ಜೊತೆ ಸಮುದ್ರ ದಾಟಿ ಸೇಂಟ್ ಒಮೇರ್ ಅನ್ನೋ ಊರಲ್ಲಿ ಹುಡುಗಿಯರಿಗೆ ಶಾಲೆ ತೆರೆದರು. ಈಗ ಆ ಊರು ಫ್ರಾನ್ಸಿನಲ್ಲಿದೆ. ಅವರ ಶಾಲೆಗಳಲ್ಲಿ ಹುಡುಗಿಯರಿಗೆ ಹೊಲಿಗೆಯ ಜೊತೆ ಲ್ಯಾಟಿನ್ನೂ ಇತ್ತು, ನಾಟಕವೂ ಇತ್ತು. ಆಗ ಲ್ಯಾಟಿನ್ ಅಂದ್ರೆ ಗಂಡಸರ ಭಾಷೆ, ಅಧಿಕಾರದ ಭಾಷೆ. ಹೆಣ್ಣುಮಕ್ಕಳಿಗೆ ಯಾಕೆ ಅನ್ನೋ ಪ್ರಶ್ನೆ ಬಂದೇ ಬಂತು.

ಅದಕ್ಕಿಂತ ದೊಡ್ಡ ತಕರಾರು ಇನ್ನೊಂದು. ಆಗಿನ ಚರ್ಚ್ ನಿಯಮದಲ್ಲಿ ಸನ್ಯಾಸಿನಿ ಅಂದ್ರೆ ಮಠದ ಗೋಡೆಯೊಳಗೇ ಬದುಕು, ಸಾಯೋವರೆಗೂ. ಮೇರಿಗೆ ಗೋಡೆ ಬೇಡವಾಗಿತ್ತು. ಊರೂರು ತಿರುಗಿ ಪಾಠ ಹೇಳುವ ಹೆಂಗಸರ ಸಂಘ ಬೇಕಿತ್ತು, ಗಂಡಸರಿಗೆ ಜೆಸ್ವಿಟ್ ಸಂಘ ಇದ್ದ ಹಾಗೆ. ವಿರೋಧಿಗಳು, ಅದೂ ಸ್ವಂತ ಧರ್ಮದ ಪಾದ್ರಿಗಳೇ, ಇವರಿಗೆ ನಾಗಾಲೋಟದ ಹುಡುಗಿಯರು ಅಂತ ಅಡ್ಡಹೆಸರಿಟ್ಟರು. ಮೇರಿ ಅನುಮತಿ ಕೇಳೋಕೆ 1621ರ ಶರತ್ಕಾಲದಲ್ಲಿ ರೋಮ್ ಕಡೆ ಹೊರಟರು. ಆಲ್ಪ್ಸ್ ಪರ್ವತ ದಾಟಿ, ಬಹುಪಾಲು ನಡೆದೇ. ತಲುಪಿದ್ದು ಕ್ರಿಸ್‌ಮಸ್ ಹಿಂದಿನ ದಿನ. ಅನುಮತಿ ಮಾತ್ರ ಸಿಗಲಿಲ್ಲ.

1631ರಲ್ಲಿ ಪೋಪ್ ಎಂಟನೇ ಅರ್ಬನ್ ಆ ಸಂಘವನ್ನೇ ರದ್ದು ಮಾಡಿದರು. ಮೇರಿಯನ್ನು ಧರ್ಮದ್ರೋಹದ ಆರೋಪದ ಮೇಲೆ ಮ್ಯೂನಿಕ್ ನಗರದ ಒಂದು ಮಠದಲ್ಲಿ ಕೂಡಿ ಹಾಕಿದರು. ಇಂಗ್ಲೆಂಡಿನಲ್ಲಿ ಪೋಪ್ ಪರ ಅಂತ ಅಪರಾಧಿ, ಇಲ್ಲಿ ಪೋಪ್ ಕಡೆಯವರಿಂದಲೇ ಬಂಧನ. ಕಾಯಿಲೆ ಬಿದ್ದಿದ್ದ ಅವರು ಹೊರಗಿನ ಗೆಳತಿಯರಿಗೆ ಸುದ್ದಿ ಕಳಿಸಿದ್ದು ಹೇಗೆ ಗೊತ್ತಾ? ನಿಂಬೆರಸದಲ್ಲಿ. ಸಾಮಾನು ಸುತ್ತಿ ಬಂದ ಕಾಗದದ ಮೇಲೆ ನಿಂಬೆರಸದಿಂದ ಬರೆದರೆ, ಒಣಗಿದ ಮೇಲೆ ಏನೂ ಕಾಣಲ್ಲ. ಬೆಂಕಿಯ ಹತ್ತಿರ ಹಿಡಿದರೆ ಅಕ್ಷರ ಕಂದು ಬಣ್ಣದಲ್ಲಿ ಮೂಡುತ್ತೆ. ಬೇಕಾದ್ರೆ ಮನೆಯಲ್ಲಿ ದೋಸೆ ಹೆಂಚು ಬಿಸಿ ಇರುವಾಗ ಮಾಡಿ ನೋಡಿ. ಆ ಪತ್ರಗಳಲ್ಲಿ ಕೆಲವು ಇವತ್ತಿಗೂ ಉಳಿದಿವೆ.

ಸುಮಾರು ಎರಡು ತಿಂಗಳ ಮೇಲೆ ಬಿಡುಗಡೆ ಆಯ್ತು. ಪೋಪ್ ಎದುರೇ ಹೋಗಿ ತಾನು ಧರ್ಮದ್ರೋಹಿ ಅಲ್ಲ ಅಂತ ಹೇಳಿಸಿಕೊಂಡರು, ಆದರೆ ಸಂಘ ಮರಳಿ ಬರಲಿಲ್ಲ. ಕೊನೆಗೆ ಊರಿಗೆ ವಾಪಸಾಗಿ, ಇಂಗ್ಲೆಂಡಿನ ಅಂತರ್ಯುದ್ಧದ ನಡುವೆ, 1645ರಲ್ಲಿ ಯಾರ್ಕ್ ಹತ್ತಿರದ ಹಳ್ಳಿಯಲ್ಲಿ ತೀರಿಕೊಂಡರು. ಕೈಯಲ್ಲಿ ಲೆಕ್ಕಕ್ಕೆ ಸಿಗುವಂಥದ್ದು ಏನೂ ಉಳಿದಿರಲಿಲ್ಲ. ಜೊತೆಗಿದ್ದ ಹೆಂಗಸರು ಮಾತ್ರ ಚದುರಲಿಲ್ಲ.

ಅವರ ಹಾದಿಯಲ್ಲೇ ಬಂದವರು ಫ್ರಾನ್ಸಿಸ್ ಬೆಡಿಂಗ್‌ಫೀಲ್ಡ್. ಯಾರ್ಕ್‌ಶೈರಿನ ಮುದಿ ಜಮೀನ್ದಾರ ಸರ್ ಥಾಮಸ್ ಗ್ಯಾಸ್ಕಾಯ್ನ್, ನಮ್ಮ ಹೆಣ್ಣುಮಕ್ಕಳಿಗೂ ಒಂದು ಶಾಲೆ ಬೇಕು ಅಂತ ಪಟ್ಟು ಹಿಡಿದು 450 ಪೌಂಡ್ ಕೊಟ್ಟರು. ಈ ಮನುಷ್ಯನ ಮೇಲೆ ಆರು ವರ್ಷ ಮುಂಚೆ, ಎಂಬತ್ತೈದರ ಆಸುಪಾಸಿನಲ್ಲಿ, ದೇಶದ್ರೋಹದ ಕೇಸು ನಡೆದು ಖುಲಾಸೆ ಆಗಿತ್ತು. ಆ ದುಡ್ಡಿನಲ್ಲಿ ಫ್ರಾನ್ಸಿಸ್ ಊರ ಕೋಟೆ ಬಾಗಿಲಿನ ಆಚೆ ಒಂದು ಮನೆ ಕೊಂಡರು. ಕ್ರಯಪತ್ರಕ್ಕೆ ಸಹಿ ಬಿದ್ದದ್ದು 1686ರ ನವೆಂಬರ್ 5ರಂದು. ಇಡೀ ದೇಶ ಕ್ಯಾಥೊಲಿಕ್ಕರನ್ನು ಬೈದು ಬೆಂಕಿ ಹಚ್ಚುವ ದಿನವೇ! ಬೇಕೆಂತಲೇ ಆರಿಸಿದರೋ, ಹಾಗೇ ಬಂತೋ, ನನಗಂತೂ ಅದು ಕಾಕತಾಳೀಯ ಅನ್ನಿಸಲ್ಲ. ಅವರು ಬಳಸುತ್ತಿದ್ದ ಸುಳ್ಳು ಹೆಸರು ಮಿಸೆಸ್ ಲಾಂಗ್.

ಕೋಟೆ ಬಾಗಿಲಿನ ಹೆಸರು ಮಿಕಲ್‌ಗೇಟ್ ಬಾರ್. ಯಾರ್ಕ್‌ನಲ್ಲಿ ಬಾರ್ ಅಂದ್ರೆ ಕೋಟೆ ಬಾಗಿಲು, ಗೇಟ್ ಅಂದ್ರೆ ಬೀದಿ. ತಲೆಕೆಳಗು ಅನಿಸುತ್ತೆ, ಆದರೆ ವೈಕಿಂಗರು ಬಿಟ್ಟು ಹೋದ ಪದ ಅದು. ಹೀಗೆ ಶಾಲೆಗೆ ಬಾರ್ ಕಾನ್ವೆಂಟ್ ಅಂತ ಹೆಸರಾಯ್ತು. ಬಾರ್ ಅಂಡ್ ರೆಸ್ಟೋರೆಂಟ್ ಅಂದ್ಕೋಬೇಡಿ.

ಹೊರಗಿನವರ ಪಾಲಿಗೆ ಅದು ಕೆಲವು ಮರ್ಯಾದಸ್ಥ ಹೆಂಗಸರು ಹುಡುಗಿಯರನ್ನು ಇಟ್ಟುಕೊಂಡು ಪಾಠ ಹೇಳುವ ಮನೆ. ಸಿಸ್ಟರ್ ಅಂತ ಯಾರೂ ಕರೆಯೋ ಹಾಗಿಲ್ಲ. ಮಠದ ಉಡುಪು ಇಲ್ಲ, ಬೂದು ಬಣ್ಣದ ಸಾದಾ ಗೌನು. ಆದರೂ ಗುಟ್ಟು ಪೂರ್ತಿ ಗುಟ್ಟಾಗಿ ಉಳಿಯಲಿಲ್ಲ. 1694ರಲ್ಲಿ, ಎಂಬತ್ತರ ಹತ್ತಿರದಲ್ಲಿದ್ದ ಫ್ರಾನ್ಸಿಸ್‌ರನ್ನು ಊಸ್ ನದಿಯ ಸೇತುವೆ ಮೇಲಿದ್ದ ಜೈಲಿಗೆ ಹಾಕಿದರು. 1696ರಲ್ಲಿ ಜನರ ಗುಂಪು ಮನೆಗೆ ಮುತ್ತಿಗೆ ಹಾಕಿತು. ಒಳಗಿದ್ದವರು ಮಹಾದೂತ ಸಂತ ಮಿಕೇಲರಿಗೆ ಮೊರೆಯಿಟ್ಟರು, ಗುಂಪು ಇದ್ದಕ್ಕಿದ್ದಂತೆ ಕರಗಿತು ಅಂತ ಮಠದಲ್ಲಿ ತಲೆಮಾರಿನಿಂದ ಹೇಳಿಕೊಂಡು ಬಂದಿದ್ದಾರೆ. ಆಮೇಲೆ ಬಾಗಿಲ ಮೇಲೆ ಮಿಕೇಲರ ಚಿತ್ರ ಬಂತು. ಅವರ ಹಬ್ಬ ಸೆಪ್ಟೆಂಬರ್ 29. ಇಂಗ್ಲೆಂಡಿನ ಕೆಲವು ಹಳೇ ಶಾಲೆಗಳು ಆಟಮ್ ಟರ್ಮನ್ನು ಈಗಲೂ ಮಿಕಲ್‌ಮಸ್ ಟರ್ಮ್ ಅಂತ ಕರೆಯೋದು ಆ ಹಬ್ಬದಿಂದಲೇ.

1700ಕ್ಕೆ ಇನ್ನೊಂದು ಕಾನೂನು ಜಾರಿಗೆ ಬಂತು. ಕ್ಯಾಥೊಲಿಕ್ಕರು ಶಾಲೆ ನಡೆಸಿದರೆ ಜೀವಾವಧಿ ಶಿಕ್ಷೆ, ಪೂಜೆ ಮಾಡಿದ ಪಾದ್ರಿಯನ್ನು ಹಿಡಿದುಕೊಟ್ಟವರಿಗೆ 100 ಪೌಂಡ್ ಬಹುಮಾನ. ಅಂದ್ರೆ ಅಕ್ಕಪಕ್ಕದವರಲ್ಲಿ ಒಬ್ಬರು ಬಾಯಿ ಬಿಟ್ಟಿದ್ದರೂ ಕಥೆ ಮುಗಿದಿತ್ತು. 1746ರ ಆಟಮ್ ಟರ್ಮ್ ಊಹಿಸಿಕೊಳ್ಳಿ. ಕ್ಯಾಥೊಲಿಕ್ ರಾಜವಂಶವನ್ನು ಮರಳಿ ತರೋಕೆ ದಂಗೆ ಎದ್ದು ಸೋತವರನ್ನು ಯಾರ್ಕ್‌ನಲ್ಲಿ ಗಲ್ಲಿಗೇರಿಸಿದರು. ಅವರಲ್ಲಿ ಇಬ್ಬರ ತಲೆಗಳನ್ನು ಮಿಕಲ್‌ಗೇಟ್ ಬಾರ್ ಮೇಲೆ ಸಿಕ್ಕಿಸಿದರು. ಶಾಲೆಯಿಂದ ಕೂಗಳತೆ ದೂರ. 1754ರಲ್ಲಿ ಯಾರೋ ಕದ್ದುಕೊಂಡು ಹೋಗುವವರೆಗೆ ಅವು ಅಲ್ಲೇ ಇದ್ದವು. ಊರೊಳಗೆ ಹೋಗಬೇಕಾದ ಹುಡುಗಿಯರು ಅದೇ ಬಾಗಿಲಿನ ಕೆಳಗೆ ಹಾದು ಹೋಗಬೇಕು.

ಇಷ್ಟೆಲ್ಲ ಆದಮೇಲೆ ಸುಮ್ಮನೆ ಇರೋಣ ಅಂತ ಯಾರಾದ್ರೂ ಅಂದುಕೊಳ್ಳಬೇಕಲ್ವಾ? ಇವರು 1760ರ ದಶಕದಲ್ಲಿ ಮನೆಯೊಳಗೆ ಒಂದು ಪೂರ್ಣ ಪ್ರಮಾಣದ ಚರ್ಚ್ ಕಟ್ಟಿಸಿದರು! ವಾಸ್ತುಶಿಲ್ಪಿ ಥಾಮಸ್ ಅಟ್ಕಿನ್ಸನ್. ಬಿಳಿ, ಬಂಗಾರದ ಬಣ್ಣದ ಗುಮ್ಮಟ. ಆದರೆ ರಸ್ತೆಯಿಂದ ನೋಡಿದರೆ ಗುಮ್ಮಟ ಇಲ್ಲವೇ ಇಲ್ಲ, ಯಾಕಂದ್ರೆ ಅದರ ಮೇಲೆ ಮಾಮೂಲಿ ಇಳಿಜಾರು ಮಾಡು. ದಾಳಿ ಆದರೆ ಓಡಿಹೋಗೋಕೆ ಎಂಟು ಬಾಗಿಲು. ಪಾದ್ರಿ ಅಡಗೋಕೆ ನೆಲದೊಳಗೆ ಒಂದು ಗುಂಡಿ. ನಮ್ಮಲ್ಲಿ ಮನೆ ಕಟ್ಟುವವರು ವಾಸ್ತು ನೋಡ್ತಾರೆ, ಇವರು ಓಡುವ ದಾರಿ ನೋಡಿದರು.

1791ರಲ್ಲಿ ಕಾನೂನು ಸಡಿಲ ಆಯ್ತು, ನೋಂದಾಯಿಸಿಕೊಂಡು ಪೂಜೆ, ಶಾಲೆ ಎರಡನ್ನೂ ನಡೆಸಬಹುದು. ಶಾಲೆ ಶುರುವಾಗಿ ನೂರೈದು ವರ್ಷ ಆಗಿತ್ತು. ಆದರೆ ಇನ್ನೊಂದು ಗುಟ್ಟು ಬಾಕಿ ಇತ್ತು. 1749ರಲ್ಲಿ ರೋಮ್ ಈ ಸಂಘಟನೆಗೆ ಬದುಕಲು ಬಿಟ್ಟಿತ್ತು, ಒಂದು ಷರತ್ತಿನ ಮೇಲೆ. ಮೇರಿ ವಾರ್ಡ್ ಅವರನ್ನು ಸ್ಥಾಪಕಿ ಅನ್ನಬಾರದು. ಆ ಷರತ್ತು ಹೋದದ್ದು 1909ಕ್ಕೆ. ನೂರಾ ಅರವತ್ತು ವರ್ಷ! ಸರ್ಕಾರಕ್ಕೆ ಹೆದರಿ ಬೋರ್ಡ್ ಹಾಕದೆ ಇದ್ದ ಶಾಲೆ, ಬೋರ್ಡ್ ಹಾಕುವ ಕಾಲ ಬಂದಾಗಲೂ ಅದರ ಮೇಲೆ ಆ ಹೆಸರು ಬರೆಯೋ ಹಾಗಿರಲಿಲ್ಲ. ನನ್ನನ್ನು ಕೇಳಿದರೆ, ಜೈಲಿಗಿಂತ ಕ್ರೂರವಾದದ್ದು ಇದು.

ಇನ್ನು ನಮ್ಮ ದೇಶಕ್ಕೆ ಬರೋಣ. 1803ರ ಸುಮಾರಿಗೆ ಡಬ್ಲಿನ್‌ನಿಂದ ಒಂಬತ್ತು ವರ್ಷದ ಹುಡುಗಿಯೊಬ್ಬಳು ಈ ಶಾಲೆಗೆ ಬಂದಳು, ಹೆಸರು ಫ್ರಾನ್ಸಿಸ್ ಬಾಲ್. ಮುಂದೆ ಇದೇ ಮಠದಲ್ಲಿ ತರಬೇತಿ ಪಡೆದು, ಮದರ್ ತೆರೇಸಾ ಬಾಲ್ ಅನ್ನಿಸಿಕೊಂಡು, ಐರ್ಲೆಂಡಿನಲ್ಲಿ ಲೊರೆಟೊ ಸಿಸ್ಟರ್‌ಗಳ ಸಂಘ ಶುರು ಮಾಡಿದರು. ಅವರು 1841ರಲ್ಲಿ ಕಳಿಸಿದ ಸಿಸ್ಟರ್‌ಗಳು ಕಲ್ಕತ್ತಾಕ್ಕೆ ಬಂದಿಳಿದರು. 1853ರಲ್ಲಿ ಮ್ಯೂನಿಕ್ ಪಕ್ಕದ ನಿಂಫೆನ್‌ಬುರ್ಗ್‌ನಿಂದ ಮೇರಿ ವಾರ್ಡ್ ಪರಂಪರೆಯ ಇನ್ನೊಂದು ತಂಡ ಪಾಟ್ನಾಕ್ಕೆ ಬಂತು. ಕಲ್ಕತ್ತಾದ ಲೊರೆಟೊ ಶಾಲೆಗಳಲ್ಲಿ ಒಂದಾದ ಎಂಟಲ್ಲಿಯ ಸೇಂಟ್ ಮೇರೀಸ್‌ನಲ್ಲಿ ವರ್ಷಾನುಗಟ್ಟಲೆ ಪಾಠ ಹೇಳಿ, ಮುಖ್ಯೋಪಾಧ್ಯಾಯಿನಿಯಾಗಿ, 1948ರಲ್ಲಿ ಅಲ್ಲಿಂದ ಹೊರಬಿದ್ದ ಒಬ್ಬ ಟೀಚರನ್ನು ನೀವು ಬಲ್ಲಿರಿ. ನಮ್ಮ ಮದರ್ ತೆರೇಸಾ. ಗೋಡೆ ಬೇಡ, ಬೀದಿಯಲ್ಲೇ ಕೆಲಸ ಅಂದವರು ಅವರೂ.

ನಮ್ಮ ಮಂಗಳೂರಿಗೆ 1870ರಲ್ಲಿ ಬಂದು ಹೆಣ್ಣುಮಕ್ಕಳ ಶಾಲೆ ಶುರು ಮಾಡಿದ ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು ಬೇರೆ ಸಂಘದವರು, ಫ್ರಾನ್ಸಿನಿಂದ ಬಂದವರು. ಅವರ ಕಥೆಗೆ ಇನ್ನೊಂದು ಸಂಚಿಕೆಯೇ ಬೇಕು, ಅವಸರದಲ್ಲಿ ಹೇಳೋದು ಬೇಡ.

ಬಾರ್ ಕಾನ್ವೆಂಟ್ ಏನಾಯ್ತು? 1942ರ ಏಪ್ರಿಲ್‌ನಲ್ಲಿ ಜರ್ಮನ್ ವಿಮಾನಗಳು ಯಾರ್ಕ್ ಮೇಲೆ ಬಾಂಬ್ ಹಾಕಿದಾಗ ಕಟ್ಟಡದ ಒಂದು ಭಾಗ ಬಿತ್ತು, ಐದು ಜನ ಸಿಸ್ಟರ್‌ಗಳು ಸತ್ತರು. ಶಾಲೆ ಮತ್ತೆ ನಡೆಯಿತು. 1985ರಲ್ಲಿ ಹೆಣ್ಣುಮಕ್ಕಳ ಶಾಲೆಯಾಗಿ ಅದರ ಕಾಲ ಮುಗಿದು, ಹುಡುಗ ಹುಡುಗಿಯರಿಬ್ಬರೂ ಓದುವ ಆಲ್ ಸೇಂಟ್ಸ್ ಶಾಲೆಯಲ್ಲಿ ಸೇರಿಹೋಯಿತು. ಹಳೇ ಮನೆ ಈಗ ಮ್ಯೂಸಿಯಂ. ಉಳಿದುಕೊಳ್ಳೋಕೆ ರೂಮು, ಕಾಫಿಗೆ ಕೆಫೆ ಎಲ್ಲ ಇವೆ. ಚರ್ಚ್‌ನಲ್ಲಿ ಮಾರ್ಗರೆಟ್ ಕ್ಲಿದರೊ ಅವರದೆಂದು ಕಾಪಾಡಿಕೊಂಡು ಬಂದಿರುವ ಒಂದು ಕೈ ಇದೆ. ಪಾದ್ರಿ ಅಡಗುವ ಗುಂಡಿಯನ್ನೂ ನೋಡಬಹುದು.

ಅಷ್ಟು ವರ್ಷ ಸಿಸ್ಟರ್ ಅನ್ನೋ ಪದವನ್ನೇ ಬಾಯಿಗೆ ತರದ ಆ ಮನೆಯ ಪಕ್ಕದ ರಸ್ತೆಗೆ ಈಗ ನನರಿ ಲೇನ್ ಅಂತ ಹೆಸರು, ಅಂದ್ರೆ ಸನ್ಯಾಸಿನಿ ಮಠದ ಓಣಿ. ಗೂಗಲ್ ಮ್ಯಾಪ್‌ನಲ್ಲಿ ಹಾಕಿ ನೋಡಿ, ಸಿಗುತ್ತೆ.