ಉದುರುವ ಎಲೆ, ಉದುರಿಸುವ ಮರ

ಉದುರು

ಬೇಸಿಗೆಯಲ್ಲಿ ಬಂಡೀಪುರದ ರಸ್ತೆಯಲ್ಲಿ ಸಾಗುವವರು ಬರಿಗೊಂಬೆಯ ತೇಗ ಕಂಡು ‘ಮರವೆಲ್ಲ ಒಣಗಿಹೋಗಿದೆ’ ಎನ್ನುವುದುಂಟು. ಒಣಗಿಲ್ಲ, ಎಲೆ ಉದುರಿಸಿದೆ.

ಹಳಗನ್ನಡದಲ್ಲಿ ಈ ಪದ ‘ಉದಿರ್’. ತಮಿಳು, ಮಲಯಾಳಗಳಲ್ಲೂ ಹೆಚ್ಚುಕಡಿಮೆ ಇದೇ ರೂಪ, ಇದೇ ಅರ್ಥ. ಹಿಡಿತ ಬಿಟ್ಟು ಬಿಡಿಬಿಡಿಯಾಗಿ ಕೆಳಗಿಳಿಯುವುದೇ ಇದರ ಜೀವಾಳ. ಗೋಡೆ ಬೀಳುತ್ತದೆ, ಗಾರೆ ಉದುರುತ್ತದೆ. ಕೂದಲು, ಹೂವು, ಹಲ್ಲುಗಳೂ ಉದುರುತ್ತವೆ. ಅಂಟಿಕೊಳ್ಳದ ಉಪ್ಪಿಟ್ಟು ‘ಉದುರುದುರು’. ಬಾಯಿ ಬಿಡದವನಿಗೆ ‘ಎರಡು ಮಾತು ಉದುರಿಸಪ್ಪ’ ಎನ್ನುತ್ತೇವೆ.

ಸಸ್ಯಶಾಸ್ತ್ರದ ಪುಸ್ತಕಗಳ ‘ಪರ್ಣಪಾತಿ’ಯಲ್ಲಿರುವುದು ಬರೀ ಬೀಳುವಿಕೆ, ಇಂಗ್ಲಿಷಿನ ‘ಡೆಸಿಡ್ಯುಯಸ್’ ಪದದ ಲ್ಯಾಟಿನ್ ಮೂಲದಲ್ಲೂ ಅಷ್ಟೇ. ನನಗೆ ‘ಎಲೆಯುದುರುವ ಮರ’ವೇ ಹೆಚ್ಚು ನಿಖರ ಎನಿಸುತ್ತದೆ, ಅದರಲ್ಲೂ ‘ಉದುರಿಸುವ’ ಎಂದರೆ ಇನ್ನೂ ಸರಿ. ನೀರು ಆವಿಯಾಗಿ ನಷ್ಟವಾಗುವುದು ಮುಖ್ಯವಾಗಿ ಎಲೆಗಳಿಂದ. ಹಾಗಾಗಿ ಮಳೆಯಿಲ್ಲದ ತಿಂಗಳುಗಳಲ್ಲಿ ಮರ ಎಲೆಯ ಹಸಿರನ್ನು ಒಡೆದು, ಸಾರಜನಕ, ರಂಜಕಗಳ ಬಹುಪಾಲನ್ನು ಒಳಗೆಳೆದುಕೊಳ್ಳುತ್ತದೆ. ತೊಟ್ಟಿನ ಬುಡದ ತೆಳ್ಳನೆಯ ಕೋಶಪದರ ಸಡಿಲಗೊಂಡು ಎಲೆ ಕಳಚುತ್ತದೆ. ಆ ಗಾಯಕ್ಕೆ ಬೆಂಡಿನ ಹೊದಿಕೆ ಮೂಡುತ್ತದೆ. ಜೀವಂತ ಕೋಶಗಳಿಲ್ಲದೆ ಇದು ನಡೆಯದು. ಕಡಿದ ಕೊಂಬೆಯ ಎಲೆಗಳು ಒಣಗಿದರೂ ಕೊಂಬೆಗೇ ಅಂಟಿಕೊಂಡಿರುವುದು ಅದಕ್ಕೇ. ಮುತ್ತುಗವಂತೂ ಎಲೆಯುದುರಿಸಿದ ಮೇಲೆಯೇ ಮೈತುಂಬ ಕೆಂಪು ಹೂ ಬಿಡುತ್ತದೆ.

ಉದುರಿದ್ದಕ್ಕೆ ‘ತರಗು’, ‘ತರಗೆಲೆ’ ಎಂಬ ಹೆಸರುಗಳಿವೆ. ಮಲೆನಾಡಿನವರು ‘ದರಕು’ ಎನ್ನುತ್ತಾರೆ; ಗುಡಿಸಿ ತಂದು ಕೊಟ್ಟಿಗೆಗೆ ಹಾಸಿ, ಆಮೇಲೆ ಅಡಿಕೆ ತೋಟಕ್ಕೆ ಗೊಬ್ಬರ ಮಾಡುತ್ತಾರೆ.