ಹಳೆಯ ಮೋಟಾರ್‌ಸೈಕಲ್‌ಗಳ ಎಂಜಿನ್ ಗ್ಯಾಸ್ಕೆಟ್ ತಯಾರಿಕೆ

ಗ್ಯಾಸ್ಕೆಟ್ ಎಂಬುದು ಎಂಜಿನ್ನಿನ ಎರಡು ಲೋಹಭಾಗಗಳು ಸೇರುವ ಜಾಗದಲ್ಲಿ ಅನಿಲ, ಎಣ್ಣೆ ಅಥವಾ ಇಂಧನ ಸೋರದಂತೆ ಇಡುವ ತೆಳುವಾದ ಹಾಳೆ. ಮೆಕ್ಯಾನಿಕ್‌ಗಳು ಇದನ್ನು ಪ್ಯಾಕಿಂಗ್ ಎಂದೂ ಕರೆಯುತ್ತಾರೆ. ತಯಾರಿಕೆ ನಿಂತುಹೋದ ಮೋಟಾರ್‌ಸೈಕಲ್‌ಗಳಿಗೆ ಸಿದ್ಧ ಗ್ಯಾಸ್ಕೆಟ್ ದೊರೆಯದಿದ್ದಾಗ, ಗ್ಯಾಸ್ಕೆಟ್ ಕಾಗದದಿಂದ ಅದನ್ನು ಮನೆಯಲ್ಲಿಯೇ ಕತ್ತರಿಸಿಕೊಳ್ಳುವ ಪದ್ಧತಿಯಿದೆ.

ಹಿನ್ನೆಲೆ

ಕರ್ನಾಟಕದಲ್ಲಿ ಈ ಅಗತ್ಯಕ್ಕೆ ಮುಖ್ಯ ಉದಾಹರಣೆ ಜಾವಾ ಮತ್ತು ಯೆಜ್ಡಿ ವಾಹನಗಳು. 1960ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಐಡಿಯಲ್ ಜಾವಾ ಸಂಸ್ಥೆಯು ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯಡಿ ಇವುಗಳನ್ನು ತಯಾರಿಸಲು ಆರಂಭಿಸಿತು. 1970ರ ದಶಕದಿಂದ ಯೆಜ್ಡಿ ಹೆಸರು ಬಳಕೆಗೆ ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅನಂತರ ಹಳೆಯ ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಮಾರುಕಟ್ಟೆಗಳನ್ನು ಅವಲಂಬಿಸಬೇಕಾಯಿತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಂತಹ ಊರುಗಳಿಂದ ಒಂದು ಕಾಗದದ ತುಂಡಿಗಾಗಿ ಅಲ್ಲಿಗೆ ಹೋಗಿಬರಲು ಇಡೀ ದಿನವೇ ಬೇಕಾಗುತ್ತದೆ.

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಮಹತ್ವ

ಜಾವಾ 250 ಟೂ ಸ್ಟ್ರೋಕ್ ಎಂಜಿನ್ ಹೊಂದಿದೆ. ಇದರಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವು ಮೊದಲು ಕ್ರ್ಯಾಂಕ್‌ಕೇಸಿಗೆ ಬಂದು, ಅಲ್ಲಿ ಒತ್ತಲ್ಪಟ್ಟು, ಬಳಿಕ ಸಿಲಿಂಡರಿಗೆ ಏರುತ್ತದೆ. ಆದ್ದರಿಂದ ಸಿಲಿಂಡರಿನ ಬುಡದ ಗ್ಯಾಸ್ಕೆಟ್ ಸೋರಿದರೆ ಹೊರಗಿನ ಗಾಳಿ ಒಳಸೇರಿ ಮಿಶ್ರಣದಲ್ಲಿ ಪೆಟ್ರೋಲಿನ ಪ್ರಮಾಣ ತಗ್ಗುತ್ತದೆ. ಪೆಟ್ರೋಲಿನೊಂದಿಗೇ ಬರುವ ಎಣ್ಣೆಯೂ ಕಡಿಮೆಯಾಗುತ್ತದೆ. ಎಂಜಿನ್ ಅತಿಯಾಗಿ ಕಾದು ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳಬಹುದು. ಥ್ರಾಟಲ್ ಮುಚ್ಚಿದರೂ ಎಂಜಿನ್ನಿನ ವೇಗ ಇಳಿಯದಿರುವುದು ಇಂತಹ ಸೋರಿಕೆಯ ಒಂದು ಸೂಚನೆ.

ತಯಾರಿಕೆಯ ವಿಧಾನ

ಮೊದಲು ಲೋಹದ ಮೇಲ್ಮೈಗೆ ಅಂಟಿದ ಹಳೆಯ ಗ್ಯಾಸ್ಕೆಟನ್ನು ಮರದ ಅಥವಾ ಪ್ಲಾಸ್ಟಿಕ್ಕಿನ ಚಪ್ಪಟೆ ತುಂಡಿನಿಂದ ತೆಗೆಯಲಾಗುತ್ತದೆ. ಅಲ್ಯೂಮಿನಿಯಂ ಮೆದುವಾದ ಲೋಹವಾದ್ದರಿಂದ ಉಕ್ಕಿನ ಉಪಕರಣ ಬಳಸಿದರೆ ಗೀರು ಬಿದ್ದು, ಅದೇ ಸೋರಿಕೆಯ ದಾರಿಯಾಗುತ್ತದೆ.

ಹಳೆಯ ಗ್ಯಾಸ್ಕೆಟ್ ಇಡಿಯಾಗಿ ಉಳಿದಿದ್ದರೆ ಅದನ್ನೇ ಅಚ್ಚಾಗಿ ಇಟ್ಟು ಗೆರೆ ಎಳೆಯಬಹುದು. ಹರಿದುಹೋಗಿದ್ದರೆ ಕಾಗದವನ್ನು ಲೋಹದ ಮೇಲಿಟ್ಟು, ಎಣ್ಣೆ ಹತ್ತಿದ ಬೆರಳಿನಿಂದ ಅಂಚುಗಳ ಮೇಲೆ ಒತ್ತಿ ಉಜ್ಜಿ ಗುರುತು ಪಡೆಯಲಾಗುತ್ತದೆ. ಸುತ್ತಿಗೆಯಿಂದ ಅಂಚನ್ನು ತಟ್ಟಿ ಕತ್ತರಿಸುವ ರೂಢಿಯೂ ಇದೆ. ಆದರೆ ಅಲ್ಯೂಮಿನಿಯಂ ಅಂಚು ನಜ್ಜಾಗುವ ಅಪಾಯವಿರುವುದರಿಂದ ಅದು ಸೂಕ್ತವಲ್ಲ.

ಬೋಲ್ಟ್ ಮತ್ತು ಸ್ಟಡ್‌ಗಳ ರಂಧ್ರಗಳನ್ನು ಟೊಳ್ಳು ಪಂಚಿನಿಂದ ಮೊದಲು ಮಾಡಲಾಗುತ್ತದೆ. ಅವುಗಳ ಮೂಲಕ ಕಾಗದವನ್ನು ಸ್ಥಾನದಲ್ಲಿ ನಿಲ್ಲಿಸಿದ ಬಳಿಕ ಉಳಿದ ಭಾಗವನ್ನು ಗುರುತಿಸಿದರೆ ಅಳತೆ ಜಾರುವುದಿಲ್ಲ. ಎಣ್ಣೆಯ ರಂಧ್ರಗಳನ್ನೂ ಮಿಶ್ರಣ ಹಾಯುವ ಮಾರ್ಗಗಳನ್ನೂ ಪೂರ್ಣವಾಗಿ ತೆರೆದಿಡಬೇಕು. ಒಳಚಾಚಿದ ಕಾಗದವು ಹರಿವಿಗೆ ತಡೆಯಾಗುತ್ತದೆ.

ದಪ್ಪದ ಆಯ್ಕೆ

ಕ್ಲಚ್ ಮುಚ್ಚಳದಂತಹ ಭಾಗಗಳಲ್ಲಿ ದಪ್ಪದ ಅಲ್ಪ ವ್ಯತ್ಯಾಸದಿಂದ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಸಿಲಿಂಡರಿನ ಬುಡದಲ್ಲಿ ಹಾಗಲ್ಲ. ಜಾವಾ 250ರ ಸಿಲಿಂಡರ್ ವ್ಯಾಸ 65 ಮಿ.ಮೀ., ಪಿಸ್ಟನ್ ಚಲನೆಯ ಉದ್ದ 75 ಮಿ.ಮೀ. ಗ್ಯಾಸ್ಕೆಟ್ 0.5 ಮಿ.ಮೀ. ದಪ್ಪವಾದರೆ ದಹನಕೋಣೆಯ ಗಾತ್ರ ಸುಮಾರು 1.7 ಘನ ಸೆಂ.ಮೀ. ಹೆಚ್ಚುತ್ತದೆ. ಈ ಅಳತೆಯ ಎಂಜಿನ್ನಿನಲ್ಲಿ ಸಂಕೋಚನ ಅನುಪಾತ 8:1 ಇದೆಯೆಂದು ಭಾವಿಸಿದರೆ ಅದು ಸುಮಾರು 7.7:1ಕ್ಕೆ ಇಳಿಯುತ್ತದೆ. ಸಿಲಿಂಡರ್ ಮೇಲೇರುವುದರಿಂದ ಪೋರ್ಟ್‌ಗಳು ತೆರೆದು ಮುಚ್ಚುವ ಸಮಯವೂ ಬದಲಾಗುತ್ತದೆ. ಬಳಸಿದ ಗ್ಯಾಸ್ಕೆಟ್ ಒತ್ತಡಕ್ಕೆ ತೆಳುವಾಗಿರುವುದರಿಂದ, ವರ್ನಿಯರ್ ಕ್ಯಾಲಿಪರಿನಲ್ಲಿ ದೊರೆತ ಅಳತೆಯು ಹೊಸದರ ದಪ್ಪಕ್ಕಿಂತ ಕಡಿಮೆ ಎಂಬುದನ್ನು ಗಮನಿಸಬೇಕು.

ಜೋಡಣೆ

ಬೋಲ್ಟ್‌ಗಳನ್ನು ಒಮ್ಮೆಲೇ ಬಿಗಿಮಾಡದೆ, ಎದುರುಬದುರಾಗಿ, ಹಂತಹಂತವಾಗಿ ಬಿಗಿಗೊಳಿಸಲಾಗುತ್ತದೆ. ಎಂಜಿನ್ ಒಮ್ಮೆ ಕಾದು ಪೂರ್ತಿ ತಣಿದ ಬಳಿಕ ಬಿಗಿಯನ್ನು ಮತ್ತೆ ಪರೀಕ್ಷಿಸುವುದು ವಾಡಿಕೆ. ಸಾಮಾನ್ಯ ಸಿಲಿಕೋನ್ ಅಂಟು ಪೆಟ್ರೋಲಿಗೆ ತಾಳುವುದಿಲ್ಲ. ಹೆಚ್ಚಾಗಿ ಹಚ್ಚಿದರೆ ಒಳಕ್ಕೆ ಹಿಂಡಲ್ಪಟ್ಟು ಮಾರ್ಗಗಳನ್ನು ಮುಚ್ಚಬಹುದು.

ಮಿತಿಗಳು ಮತ್ತು ಸುರಕ್ಷತೆ

ಸಿಲಿಂಡರ್ ಹೆಡ್ಡಿನ ಗ್ಯಾಸ್ಕೆಟ್ ದಹನದ ಶಾಖ ಮತ್ತು ಒತ್ತಡ ಎರಡನ್ನೂ ತಾಳಬೇಕಾದ್ದರಿಂದ ಕಾಗದದಿಂದ ತಯಾರಿಸಲಾಗದು. ಹೆಡ್ಡಿಗೆ ತಾಮ್ರದ ಗ್ಯಾಸ್ಕೆಟ್ ಬಳಸುವ ಎಂಜಿನ್‌ಗಳಲ್ಲಿ, ಒತ್ತಡದಿಂದ ಗಡುಸಾದ ತಾಮ್ರವನ್ನು ಕೆಂಪಗೆ ಕಾಯಿಸಿ ತಣಿಸಿದರೆ ಮತ್ತೆ ಮೆದುವಾಗುತ್ತದೆ. ಹೆಡ್ ಸೊಟ್ಟಗಾಗಿದ್ದರೆ ಯಾವ ಗ್ಯಾಸ್ಕೆಟ್ಟೂ ಸೋರಿಕೆಯನ್ನು ತಡೆಯದು. ಮೇಲ್ಮೈಯನ್ನು ಸಮತಟ್ಟು ಮಾಡಿಸಬೇಕಾಗುತ್ತದೆ.

ಹಳೆಯ ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿದೆ. ಇದರ ಧೂಳು ಶ್ವಾಸಕೋಶ ಸೇರಿದರೆ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಆದ್ದರಿಂದ ಅವನ್ನು ಒಣಗಿದ ಸ್ಥಿತಿಯಲ್ಲಿ ಕೆರೆಯುವುದು, ಉಜ್ಜುಕಾಗದದಿಂದ ತಿಕ್ಕುವುದು ಅಥವಾ ಗಾಳಿ ಊದಿ ಶುಚಿಮಾಡುವುದು ಸಲ್ಲದು. ಚೆನ್ನಾಗಿ ನೆನೆಸಿ, ಮುಖಕವಚ ಧರಿಸಿ ತೆಗೆದ ಚೂರುಗಳನ್ನು ಚೀಲದಲ್ಲಿ ಕಟ್ಟಿಡಬೇಕು.