ಸಂತೆಯ ನೂಲು ಹೇಳುವ ಚರಿತ್ರೆ

ಚರಿತ್ರೆಯೆಂದರೆ ರಾಜರ ಯುದ್ಧಗಳು ಮತ್ತು ಇಸವಿಗಳು ಮಾತ್ರ ಎಂದು ನಮ್ಮ ವಿದ್ಯಾರ್ಥಿಗಳು ತಿಳಿದಿರುವುದುಂಟು. ಆದರೆ ವಾರಕ್ಕೊಮ್ಮೆ ಕೂಡುವ ಸಂತೆಗೂ ಚರಿತ್ರೆಯಿದೆ. ದಿನವೂ ಅಂಗಡಿಗಳು ತೆರೆದಿರುವ ಜಯನಗರ, ಬಿ.ಟಿ.ಎಂ. ಬಡಾವಣೆಗಳ ಮಕ್ಕಳಿಗೆ ಸಂತೆಯ ದಿನಕ್ಕಾಗಿ ಕಾಯುವುದು ಏನೆಂದು ತಿಳಿಯದು.

ಒಂದನೇ ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಬೆಂಗಳೂರು ಪೇಟೆಯಲ್ಲಿ ಬಗೆಬಗೆಯ ಸರಕಿಗೆ ಬೇರೆ ಬೇರೆ ಬೀದಿಗಳಾದವು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ ಎಂಬ ಹೆಸರುಗಳೇ ಇದಕ್ಕೆ ಸಾಕ್ಷಿ. ಪೇಟೆಯಲ್ಲಿ ಅಂಗಡಿ ಇಡಲು ಬಂಡವಾಳ ಬೇಕು. ಅದಿಲ್ಲದ ಬಡವರಿಗೆ ಆಸರೆಯಾಗಿದ್ದುದು ವಾರದ ಸಂತೆ.

ಶ್ರೀರಂಗಪಟ್ಟಣದ ಪತನದ ಮರುವರ್ಷ, ಅಂದರೆ 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಈಸ್ಟ್ ಇಂಡಿಯಾ ಕಂಪನಿಯ ಆಜ್ಞೆಯಂತೆ ಬೆಂಗಳೂರಿಗೆ ಬಂದು ಇಲ್ಲಿಯ ಬೇಸಾಯ, ಕಸುಬು, ವ್ಯಾಪಾರಗಳ ವಿವರ ಬರೆದಿಟ್ಟನು. ಅದು 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಬ್ರಾಹ್ಮಣರನ್ನುಳಿದು ಎಲ್ಲ ಜಾತಿಯ ಬಡ ಹೆಂಗಸರು ವಾರದ ಸಂತೆಯಲ್ಲಿ ಸ್ವಲ್ಪ ಸ್ವಲ್ಪವೇ ಹತ್ತಿ ಕೊಂಡು, ಮನೆಯಲ್ಲಿ ನೂತು, ಆ ನೂಲನ್ನು ಸಂತೆಯಲ್ಲೇ ನೇಕಾರರಿಗೆ ಮಾರುತ್ತಿದ್ದರೆಂದು ಅವನು ತಿಳಿಸುತ್ತಾನೆ. ದೇವಾಂಗ, ತೊಗಟ, ಖತ್ರಿ ಮುಂತಾದ ನೇಕಾರರ ಮಗ್ಗಗಳ ಹಿಂದೆ ಈ ತಾಯಂದಿರ ದುಡಿಮೆಯಿತ್ತು. ಹತ್ತಿ ಹಿಂಜುವುದು ನಮ್ಮ ಪಿಂಜಾರರ ಕಸುಬು. ಒಂದು ಸೀರೆಯ ಹಿಂದೆ ಎಷ್ಟು ಮನೆಗಳಿದ್ದವು, ನೋಡಿ!

ಕಾಲ ಬದಲಾಯಿತು. ಗಿರಣಿಯ ಅಗ್ಗದ ನೂಲು ಬಂತು. 1884ರಲ್ಲಿ ಬೆಂಗಳೂರಿನಲ್ಲೇ ಬಟ್ಟೆ ಗಿರಣಿ ಸ್ಥಾಪನೆಯಾಯಿತು. ಕೈನೂಲಿಗೆ ಗಿರಾಕಿ ಇಲ್ಲದಂತಾಗಿ, ಹೆಂಗಸರ ಕೈಗೆ ಬರುತ್ತಿದ್ದ ನಾಲ್ಕು ಕಾಸೂ ನಿಂತಿತು.

ಸಂತೆ ಮತ್ತು ಪೇಟೆಯ ವ್ಯವಹಾರದಲ್ಲಿ ಸರಕಿನೊಡನೆ ಮಾತೂ ಬೆರೆಯಿತು. ಜಮಾ, ಖರ್ಚು, ಬಾಕಿ, ರಸೀದಿ, ದಲ್ಲಾಳಿ ಎಂಬ ಪದಗಳು ಅರಬ್ಬಿ, ಪಾರಸಿಗಳಿಂದ ಬಂದು ಕನ್ನಡದವೇ ಆಗಿವೆ. ಲೆಕ್ಕದ ಪುಸ್ತಕ ತೆರೆದರೆ ಉರ್ದು, ಕನ್ನಡಗಳೆರಡೂ ಅಕ್ಕತಂಗಿಯರಂತೆ ಕಾಣುತ್ತವೆ.

ಪ್ರಿಯ ವಿದ್ಯಾರ್ಥಿಗಳೇ, ಹಜರತ್ ಖದೀಜಾ (ರ.ಅ.) ಅವರು ವ್ಯಾಪಾರ ನಡೆಸಿದ ಮಹಿಳೆ. ತೂಕದಲ್ಲಿ ಮೋಸ ಮಾಡುವವರನ್ನು ಎಚ್ಚರಿಸಲು ಪವಿತ್ರ ಕುರ್‌ಆನಿನಲ್ಲಿ ಒಂದು ಸೂರಾವೇ ಇದೆ, ಅದು ಅಲ್-ಮುತಫ್ಫಿಫೀನ್. ಆದುದರಿಂದ ರಸ್ತೆಬದಿಯಲ್ಲಿ ಸೊಪ್ಪು ಮಾರುವ ತಾಯಿಯನ್ನು ಕೀಳಾಗಿ ಕಾಣಬೇಡಿ. ನಿಮ್ಮ ಅಜ್ಜಿ, ನಾನಿಯರನ್ನು ಅವರ ಊರಿನ ಸಂತೆಯ ಬಗ್ಗೆ ಕೇಳಿ ಬರೆದಿಡಿ. ಬುಕಾನನ್ ಆ ಹೆಂಗಸರ ದುಡಿಮೆಯನ್ನು ಬರೆದನು, ಹೆಸರುಗಳನ್ನು ಬರೆಯಲಿಲ್ಲ. ನಮ್ಮವರ ಹೆಸರುಗಳನ್ನಾದರೂ ನಾವು ಬರೆಯೋಣ.